ನೆಗೆಟಿವ್‌ನಲ್ಲಿದ್ದ ಅಕ್ಕ

ಫೋಟೋ ತೆಗೆಸುವ ಹಿಂದಿನ ದಿನ ಅಕ್ಕ ಜಗಲಿಯಲ್ಲಿ ಕುಳಿತು ಬೀಡಿ ಕಟ್ಟುತ್ತಿದ್ದಳು. ನಾನು ಪಕ್ಕದಲ್ಲಿ ಎಲೆ ಕತ್ತರಿಸುತ್ತಿದ್ದೆ. ಅಜೆಕಾರಿನ ನಮ್ಮ ಮನೆಯಲ್ಲಿ ಅಲ್ಲಿಯವರೆಗೆ ಅವಳ ಬಣ್ಣದ ಮಾತು ಬಂದಿರಲಿಲ್ಲ.

ಎಪ್ಪತ್ತರ ದಶಕದ ಕೊನೆ ಅದು. ಬಹರೈನ್‌ನಲ್ಲಿದ್ದ ಕಾಪುವಿನ ಹುಡುಗನಿಗೆ ಅಕ್ಕನ ಫೋಟೋ ಕಳುಹಿಸಬೇಕಿತ್ತು. ಮರುದಿನ ನಾವಿಬ್ಬರೂ ಕಾರ್ಕಳದ ಸ್ಟುಡಿಯೋಗೆ ಹೋದೆವು. ಅಲ್ಲಿ ಹೇಳಬೇಕಾದದ್ದನ್ನು ಅಮ್ಮ ನನ್ನನ್ನು ಒಳಗೆ ಕರೆದು ಹೇಳಿಕೊಟ್ಟಿದ್ದಳು. ನನಗಾಗ ಹದಿನಾಲ್ಕು. ಯಾರ ಎದುರು ಹೇಳಬಾರದು ಎಂಬುದು ಹೊಳೆಯಲಿಲ್ಲ. ಅಕ್ಕ ಸ್ಟೂಲಿನ ಮೇಲೆ ಕುಳಿತು ಸೆರಗು ಸರಿಮಾಡಿಕೊಳ್ಳುತ್ತಿರುವಾಗಲೇ ಹೇಳಿದೆ.

"ಅಕ್ಕ ಸ್ವಲ್ಪ ಡಾರ್ಕ್ ಅಲ್ವಾ, ಬೆಳ್ಳಗೆ ಬರುವ ಹಾಗೆ ಮಾಡಬೇಕಂತೆ."

ಶಾಲೆಯಲ್ಲಿ ಆ ಪದಕ್ಕೆ ಕತ್ತಲೆ ಎಂದು ಅರ್ಥ ಬರೆಸಿದ್ದರು. ಕಪ್ಪು ಎನ್ನುವುದಕ್ಕಿಂತ ಅದು ಮರ್ಯಾದೆಯ ಮಾತು ಎಂದುಕೊಂಡಿದ್ದೆ.

ಸ್ಟುಡಿಯೋದವರು ನಕ್ಕರು. "ಅದಕ್ಕೆಲ್ಲ ಪೆನ್ಸಿಲ್ ಉಂಟು ಮಾರಾಯ್ತಿ." ನೆಗೆಟಿವ್‌ನಲ್ಲಿ ಮುಖದ ಮೇಲೆ ಪೆನ್ಸಿಲ್ ಆಡಿಸಿ ಕಪ್ಪು ಮಾಡಿದಷ್ಟೂ ಫೋಟೋದಲ್ಲಿ ಅದು ಬಿಳಿಯಾಗುತ್ತದೆ ಎಂದು ವಿವರಿಸಿದರು. ತಮ್ಮ ಡಾರ್ಕ್ ರೂಮಿಗೆ ಹೋದವರೆಲ್ಲ ಬೆಳ್ಳಗಾಗಿಯೇ ಹೊರಗೆ ಬರುವುದು ಎಂದು ತಮಾಷೆಯನ್ನೂ ಮಾಡಿದರು. ಅಕ್ಕನೂ ನಕ್ಕಳು. ಬಸ್ಸಿನಲ್ಲಿ ಕಿಟಕಿಯ ಕಡೆ ತಿರುಗಿ ಕುಳಿತಳು.

ಹುಡುಗನಿಗೆ ಫೋಟೋ ಹಿಡಿಸಿತು. ಅವನ ತಾಯಿ ಮನೆಗೆ ಬಂದರು. ಅಕ್ಕ ಶರಬತ್ತು ತಂದಾಗ ಅವರು ಚೀಲದಿಂದ ಫೋಟೋ ತೆಗೆದು, ಸೀರೆಗೆ ರವಕೆ ಬಟ್ಟೆ ಹೊಂದಿಸುವವರ ಹಾಗೆ ಅವಳ ಕೆನ್ನೆಯ ಪಕ್ಕ ಹಿಡಿದರು.

"ಇದು ಯಾರದ್ದು?"

"ನನ್ನದೇ," ಎಂದಳು ಅಕ್ಕ.

"ಹೌದಾ? ಹಾಗಾದರೆ ನನ್ನ ಮಗ ಈ ಫೋಟೋವನ್ನೇ ಮದುವೆಯಾಗಲಿ."

ಶರಬತ್ತು ಕುಡಿದೇ ಹೋದರು. ಅಮ್ಮ ಬೈದದ್ದು ಅಕ್ಕನಿಗೆ, ಬಾಗಿಲ ಹತ್ತಿರ ಬೆಳಕಿನಲ್ಲಿ ಯಾಕೆ ನಿಂತೆ ಎಂದು.

ಮತ್ತೆ ಅವಳು ಫೋಟೋಕ್ಕೆ ನಿಲ್ಲಲಿಲ್ಲ. ನನ್ನ ಮದುವೆಯಲ್ಲೂ ಕ್ಯಾಮೆರಾ ಕಂಡೊಡನೆ ಅಡುಗೆಯ ಕಡೆ ಹೋದಳು. ಅವಳಿಗೆ ಮದುವೆಯಾಗಲಿಲ್ಲ. ಕೆಲವು ವರ್ಷಗಳ ನಂತರ ಮಣಿಪಾಲದ ಆಸ್ಪತ್ರೆಯಲ್ಲಿ ಹದಿನೇಳು ದಿನ ಮಲಗಿ ತೀರಿಕೊಂಡಳು.

ಉತ್ತರಕ್ರಿಯೆಯ ದಿನ ಆ ಫೋಟೋಕ್ಕೇ ಹಾರ ಹಾಕಿದೆವು. ಬೇರೆ ಇರಲಿಲ್ಲ. ದೂರದ ಸಂಬಂಧಿಕರೊಬ್ಬರು ಅದನ್ನು ನೋಡಿ, ಇಷ್ಟು ಬೆಳ್ಳಗಿದ್ದವಳಿಗೆ ಗಂಡು ಯಾಕೆ ಸಿಗಲಿಲ್ಲ ಎಂದು ನನ್ನನ್ನೇ ಕೇಳಿದರು. ನಾನು ಅವರಿಗೆ ಊಟ ಬಡಿಸಿದೆ.

ಆ ವಾರವೇ ಕಾರ್ಕಳಕ್ಕೆ ಹೋಗಿ, ನೆಗೆಟಿವ್‌ನಿಂದ ಪೆನ್ಸಿಲ್ ಒರೆಸಿ ಇನ್ನೊಂದು ಪ್ರತಿ ತೆಗೆದುಕೊಡಿ ಎಂದು ಬೇಡಿದೆ. ಹಳೆಯ ನೆಗೆಟಿವ್‌ಗಳನ್ನೆಲ್ಲ ಅವರು ಎಸೆದಿದ್ದರು.

ಅಕ್ಕ ಇದ್ದ ಹಾಗೆ ಕಾಣುವ ಒಂದು ಫೋಟೋವೂ ನಮ್ಮಲ್ಲಿ ಇಲ್ಲ.