ಬಕೆಟ್ ಬಿದ್ದ ಹೊತ್ತು

ನನ್ನ ಅಕ್ಷರ ಕೋಳಿ ಕೆದರಿದ ಹಾಗಿದೆ, ಮಾತೂ ಸಾಲದು. ಒಂಬತ್ತನೇ ತರಗತಿಗೇ ಶಾಲೆ ಬಿಟ್ಟವಳು. ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ. ಇದು ನನ್ನನ್ನು ಸಾಕುತ್ತಿರುವ ಚಿಕ್ಕಮ್ಮನ ಕಥೆ.

ಚಿಕ್ಕಮ್ಮ ಹನ್ನೊಂದು ವರ್ಷದಿಂದ ಪ್ರಯೋಗಾಲಯದಲ್ಲಿ ನೆಲ ಒರೆಸುತ್ತಾಳೆ. ಅಲ್ಲಿ ಮೊಣಕೈ ಮಡಿಸಿದಂತೆ ಎರಡು ಕೊಳವೆಗಳಿವೆ, ಒಂದೊಂದೂ ನಾಲ್ಕು ಕಿಲೋಮೀಟರ್. ತುದಿಗಳಲ್ಲಿ ತೂಗುಬಿಟ್ಟ ಕನ್ನಡಿಗಳು. ಅಳತೆ ನಡೆಯುತ್ತಿದೆ ಎಂದು ಬಾಗಿಲ ಮೇಲೆ ಕೆಂಪು ದೀಪ ಉರಿಯುವಾಗ ಯಾರೂ ನೆಲದ ಹಳದಿ ಗೆರೆ ದಾಟಬಾರದು.

“ಯಾಕೆ ಇಷ್ಟು ನಾಜೂಕು?” ಎಂದು ಅವಳೊಮ್ಮೆ ಎಂಜಿನಿಯರ್ ಮೇಡಂಗೆ ಕೇಳಿದ್ದಳು.

“ಆಕಾಶದಲ್ಲಿ ಎಲ್ಲೋ ದೂರ ಎರಡು ಕಪ್ಪುಕುಳಿ ಡಿಕ್ಕಿ ಹೊಡೆದ್ರೆ ಜಾಗವೇ ಅಲುಗುತ್ತೆ, ಅಕ್ಕಾ. ಆ ಅಲೆಗೆ ಗೋಡೆ, ಬಾಗ್ಲು ಯಾವುದೂ ಅಡ್ಡಿಯಿಲ್ಲ. ನಮ್ಮ ಮೈಯೊಳಗೂ ಹಾದುಹೋಗುತ್ತೆ. ಒಂದ್ಸಲ ಉದ್ದ ಎಳೆದು ತೆಳ್ಳಗೆ ಮಾಡುತ್ತೆ, ಮರುಕ್ಷಣ ಗಿಡ್ಡ ಮಾಡಿ ದಪ್ಪ ಮಾಡುತ್ತೆ.”

“ನಂಗೆ ಬರೀ ದಪ್ಪ ಮಾಡಿ ಹೋಗಿದೆ ಬಿಡಿ!”

ಮೇಡಂ ಬಿದ್ದು ಬಿದ್ದು ನಕ್ಕರು. “ಪರಮಾಣುವಿನ ನಡುವೆ ಒಂದು ಕಾಳಿದೆ ಅಂದ್ಕೊಳ್ಳಿ. ಈ ಕೊಳವೆ ಹಿಗ್ಗೋದು ಅದರ ಸಾವಿರದಲ್ಲೊಂದು ಪಾಲೂ ಇಲ್ಲ. ಅದಕ್ಕೇ ನೀವು ಕೆಮ್ಮಿದ್ರೂ ನಮಗೆ ಭಯ.”

ಸೋಮವಾರ ಚಿಕ್ಕಮ್ಮ ಒರೆಸುಬಟ್ಟೆಯನ್ನು ಗೆರೆಯಾಚೆ ಮರೆತಿದ್ದಳು. ಅಷ್ಟರಲ್ಲಿ ಕೆಂಪು ದೀಪ ಹತ್ತಿತು. ಎರಡೇ ಹೆಜ್ಜೆಯಲ್ಲವೇ ಎಂದು ಬೆಕ್ಕಿನಂತೆ ಒಳಹೋದಳು. ಕೈಲಿದ್ದ ಬಕೆಟ್ಟಿನ ಹಿಡಿ ಮುರಿದು ಬಕೆಟ್ ಧಡ್ಡನೆ ಬಿತ್ತು. ಎದುರಿನ ಗಡಿಯಾರದಲ್ಲಿ ಹತ್ತು ಗಂಟೆ ಹನ್ನೆರಡು ನಿಮಿಷ.

ಗುರುವಾರ ಮೇಡಂ ಅಳುತ್ತಾ ಓಡಿಬಂದು ಅವಳನ್ನು ತಬ್ಬಿಕೊಂಡರು. “ಆ ಅಲೆ ಸಿಕ್ತು, ಅಕ್ಕಾ! ಆರು ವರ್ಷ ಕಾದಿದ್ದು! ಸೋಮವಾರ ಹತ್ತು ಹನ್ನೆರಡಕ್ಕೆ!” ಆಮೇಲೆ ಕಣ್ಣೊರೆಸಿಕೊಂಡು ಎಲ್ಲರನ್ನೂ ಕೇಳಿದರು: “ಆ ಹೊತ್ತಲ್ಲಿ ಯಾರಾದ್ರೂ ಗೆರೆ ದಾಟಿದ್ರಾ?”

ಚಿಕ್ಕಮ್ಮ ಇಲ್ಲವೆಂದು ತಲೆಯಾಡಿಸಿದಳು.

ಅಂದಿನಿಂದ ಯಾರು ತಿರುಗಿ ನೋಡಿದರೂ ಕುಂಬಳಕಾಯಿ ಕಳ್ಳನಂತೆ ಹೆಗಲು ಮುಟ್ಟಿಕೊಳ್ಳುತ್ತಾಳೆ. ಇವತ್ತು ಸಂಜೆ ಬಟ್ಟೆ ಮಡಿಸುತ್ತಾ ನನ್ನೆದುರು ಬಾಯಿಬಿಟ್ಟಳು.

“ಬಂದಿದ್ದು ಕಪ್ಪುಕುಳಿಯೋ, ನನ್ನ ಬಕೆಟ್ಟೋ? ಹೇಳಿದ್ರೆ ಕೆಲ್ಸ ಹೋಗುತ್ತೆ ಕಣೇ. ನಿನ್ನ ಹೊಟ್ಟೆಗೇನು ಹಾಕ್ಲಿ?”

“ಹೇಳದಿದ್ರೆ?”

“ನಾಳೆ ಹನ್ನೊಂದಕ್ಕೆ ಲೋಕಕ್ಕೆಲ್ಲ ಸಾರ್ತಾರಂತೆ. ಸುಳ್ಳಾದ್ರೆ ಆಯಮ್ಮ ನಗೆಪಾಟಲು. ನನ್ನನ್ನ ಅಕ್ಕಾ ಅಂದವಳು ಅವಳೊಬ್ಬಳೇ.”

ಒಂದೇ ಸೀರೆಯನ್ನು ಮೂರು ಸಲ ಮಡಿಸಿದಳು. ಆಮೇಲೆ ಎದ್ದು ಬಕೆಟ್ಟಿನ ಮುರಿದ ಹಿಡಿಯನ್ನು ಕೈಚೀಲಕ್ಕೆ ಹಾಕಿದಳು.

ನಾಳೆ ಎಂಟಕ್ಕೆ, ಪೊರಕೆ ಹಿಡಿಯುವ ಮೊದಲು, ಅವಳು ಮೇಡಂ ಕೋಣೆಗೆ ಹೋಗಿ ಬಕೆಟ್ ಬಿದ್ದ ಹೊತ್ತನ್ನು ಹೇಳುತ್ತಾಳೆ.