ಬಾಗಿಲಾಚೆ ಹೋಗದ ಸೀರೆ

ಆನವಟ್ಟಿಯಲ್ಲಿ ಸೀರೆ ಕೊಳ್ಳುವವರು ಅಂಗಡಿಯ ದೀಪವನ್ನು ನಂಬುವುದಿಲ್ಲ. ಆರಿಸಿದ ಸೀರೆಯನ್ನು ಬಾಗಿಲಾಚೆ ಒಯ್ದು, ಬಿಸಿಲಿಗೆ ಹಿಡಿದು ನೋಡಿ, ಆಮೇಲೆ ಹೂಂ ಅನ್ನುತ್ತಾರೆ. ಪರಮಶಿವಪ್ಪನವರು ಅಂಗಡಿ ನಡೆಸುವಾಗ ಸೀರೆಯ ಇನ್ನೊಂದು ತುದಿ ಹಿಡಿದು ತಾವೇ ರಸ್ತೆಗೆ ಇಳಿಯುತ್ತಿದ್ದರು. ಮಗ ಚನ್ನೇಶನಿಗೆ ಅದೆಲ್ಲ ಹಳ್ಳಿತನ. ಇವನೇನು ದೊಡ್ಡ ಪ್ಯಾಟೆಯಲ್ಲಿ ಹುಟ್ಟಿದವನೋ!

ಅದಕ್ಕೇ ಶಿಕಾರಿಪುರದಿಂದ ಎಲೆಕ್ಟ್ರಿಶಿಯನ್ ತೀರ್ಥೇಶನನ್ನು ಕರೆಸಿ ಒಎಲ್‌ಇಡಿ ದೀಪ ಹಾಕಿಸಿದ. ಬಲ್ಬಿಲ್ಲ, ಟ್ಯೂಬಿಲ್ಲ, ಚಾವಣಿಗೆ ಅಂಟಿಸಿದ ತೆಳ್ಳನೆಯ ಹಲಗೆಗಳೇ ಮೈಯೆಲ್ಲ ಬೆಳಗುತ್ತವೆ. ಕಣ್ಣಿಗೆ ಚುಚ್ಚುವುದಿಲ್ಲ, ಕರೆಂಟೂ ಕಡಿಮೆ.

“ಇದರಾಗೆ ಮೊದಲು ಸವೆಯೋದು ನೀಲಿ ಬೆಳಕು ರೀ. ಫುಲ್ ಇಟ್ಟು ಉರಿಸಬ್ಯಾಡ್ರಿ. ಹಳದಿಗೆ ತಿರುಗಿದ್ರೆ ಬಣ್ಣ ಸುಳ್ಳು ಹೇಳ್ತವೆ,” ಅಂದಿದ್ದ ತೀರ್ಥೇಶ. ಚನ್ನೇಶ ಮೊದಲ ದಿನದಿಂದಲೇ ಪೂರ್ತಿ ಏರಿಸಿಟ್ಟ. ದಿನಾ ಅದರ ಕೆಳಗೇ ಕೂರುವವನಿಗೆ ಬರಬರುತ್ತ ಬೆಳಕು ಹಳದಿಗೆ ತಿರುಗಿದ್ದು ಗೊತ್ತೂ ಆಗಲಿಲ್ಲ. ಬಿಸಿಲೇ ಒಳಗೆ ಬಂದೈತಿ ಎಂದು ಕೊಚ್ಚಿಕೊಳ್ಳುವುದು ಮಾತ್ರ ನಿಲ್ಲಲಿಲ್ಲ.

ಉಚ್ಚಂಗಮ್ಮ ಬಂದದ್ದು ಮಗಳು ಕರುಣಾಳ ಕುಬುಸಕ್ಕೆ. ಬಸುರಿ ಮಗಳಿಗೆ ತವರಿನವರು ಉಡಿಸುವುದು ಹಸಿರು ಸೀರೆಯನ್ನೇ. ಒಂದನ್ನು ಆರಿಸಿ, ರೂಢಿಯಂತೆ ಕೈಯಲ್ಲಿ ಹಿಡಿದು ಬಾಗಿಲ ಕಡೆ ತಿರುಗಿದರು.

“ದುಡ್ಡು ಕೊಡದೆ ಸೀರೆ ಹೊರಗೆ ಹೋಗಂಗಿಲ್ಲಮ್ಮಾ,” ಎಂದ ಚನ್ನೇಶ, ಅಂಗಡಿಗೆಲ್ಲ ಕೇಳುವ ಹಾಗೆ.

ಕೂತಿದ್ದ ಹೆಂಗಸರು ತಿರುಗಿ ನೋಡಿದರು. ಉಚ್ಚಂಗಮ್ಮ ಸೀರೆಯನ್ನು ಕೆಳಗಿಟ್ಟು, ಎರಡೂ ಕೈ ಸೆರಗಿಗೆ ಒರೆಸಿಕೊಂಡರು. ಬಿಟ್ಟು ಹೋದರೆ ಜನ ಇನ್ನೇನು ತಿಳಿದಾರೋ ಎಂದು ಅದನ್ನೇ ಕೊಂಡು, ಪೆಟ್ಟಿಗೆ ಕಟ್ಟಿಸಿಕೊಂಡು ಹೋದರು.

ಕೂಸು ಹುಟ್ಟಿದ ಮೇಲೆ ತೊಟ್ಟಿಲ ಶಾಸ್ತ್ರದ ಬಟ್ಟೆಗೆ ಮತ್ತೆ ಬಂದರು. ಈ ಸಲ ಏನನ್ನೂ ಮುಟ್ಟಲಿಲ್ಲ.

“ನೀವೇ ಆರಿಸಿ ಕೊಡ್ರಿ. ನನಗೆ ಬಣ್ಣ ತಿಳಿಯಂಗಿಲ್ಲ,” ಅಂದರು. “ಅಂಜನಾಪುರದಾಗೆ ಬೀಗರ ಅಂಗಳದಾಗೆ ಪೆಟ್ಟಿಗೆ ಬಿಚ್ಚಿದ್ರೆ ಸೀರೆ ನೀಲಿ. ಎಲ್ಲರೂ ನಕ್ಕರು, ಮಗಳು ತಲೆ ತಗ್ಗಿಸಿದ್ಲು. ಬಣ್ಣದ ತುಂಡು ಕೂಡಿಸಿ ಕೌದಿ ಹೊಲಿಯೋದೂ ಬಿಟ್ಟೀನಿ ರೀ. ನನ್ನ ಕಣ್ಣು ಹೋದ್ವು.”

ಚನ್ನೇಶ ಅದೇ ಕಟ್ಟಿನ ಇನ್ನೊಂದು ಸೀರೆ ಎತ್ತಿಕೊಂಡು ರಸ್ತೆಗೆ ಇಳಿದ. ಒಳಗೆ ಹಸಿರಾಗಿದ್ದದ್ದು ಬಿಸಿಲಿಗೆ ನವಿಲಿನ ಕೊರಳಿನಷ್ಟು ನೀಲಿ. ತೀರ್ಥೇಶನ ಮಾತು ಆಗ ನೆನಪಾಯಿತು. ಅದಕ್ಕಿಂತ ಹೆಚ್ಚಾಗಿ ತಾನು ಅಂದು ಆಡಿದ್ದು ನೆನಪಾಗಿ, ತಲೆ ಎತ್ತಲಾರದಷ್ಟು ನಾಚಿಕೆಯಾಯಿತು.

ಒಳಗೆ ಗಿರಾಕಿಗಳಿದ್ದರು. ಆದರೂ ಎಲ್ಲರಿಗೂ ಕೇಳುವ ಹಾಗೆಯೇ ರಸ್ತೆಯಿಂದ ಹೇಳಿದ: “ನಿಮ್ಮ ಕಣ್ಣು ಸರಿ ಅದಾವಮ್ಮಾ. ಕೆಟ್ಟಿರೋದು ನನ್ನ ದೀಪ. ಅವತ್ತು ನಿಮ್ಮನ್ನ ತಡೆದದ್ದು ನನ್ನ ತಪ್ಪು. ಇಲ್ಲಿ ಬಂದು ಬಿಸಿಲಿಗೆ ನೋಡ್ರಿ.”

ಉಚ್ಚಂಗಮ್ಮ ಹೊಸ್ತಿಲವರೆಗೆ ಬಂದರು. ಅಪ್ಪ ಹಿಡಿಯುತ್ತಿದ್ದ ಹಾಗೆ ಚನ್ನೇಶ ಸೀರೆಯ ಒಂದು ತುದಿಯನ್ನು ಅವರತ್ತ ಚಾಚಿದ. ಅವರು ಎರಡೂ ಕೈಯನ್ನು ಸೆರಗಿನೊಳಗೆ ಸೇರಿಸಿಕೊಂಡರು.

“ನಾನು ಇಲ್ಲೇ ನಿಲ್ತೀನಿ ಸಾವ್ಕಾರ್ರೆ, ನೀವೇ ಹಿಡ್ಕಳ್ರಿ,” ಅಂದರು. “ನನ್ನ ಕೈಯಾಗೆ ಸೀರೆ ನೋಡಿದೋರು ಏನಾರ ಅಂದ್ಕಂಡಾರು.”