ಸೋದರತ್ತೆಗೆ ರಜೆ ಇಲ್ಲ

ನನಗೆ ಮೊಮ್ಮಗಳು ಹುಟ್ಟಿದ್ದಾಳೆ. ಈ ಸುದ್ದಿಯನ್ನು ಹಾಲಿನವನಿಗೆ ಹೇಳಿದ್ದೇನೆ, ಹಿಟ್ಟಿನ ಗಿರಣಿಯವನಿಗೆ ಹೇಳಿದ್ದೇನೆ, ಲೋಕಲ್ ರೈಲಿನಲ್ಲಿ ಪಕ್ಕಕ್ಕೆ ಕೂತಿದ್ದ ಗುರುತಿಲ್ಲದ ಹೆಂಗಸಿಗೂ ಹೇಳಿದ್ದೇನೆ. ಪಾಪ, ಆಕೆ ಪಿಂಪ್ರಿಯಲ್ಲಿ ಇಳಿಯಬೇಕಾದವಳು; ನನ್ನ ಮಾತು ಮುಗಿಯದ್ದಕ್ಕೆ ಚಿಂಚವಾಡದವರೆಗೂ ಬಂದಳು. ಉಳಿದವರಿಗೆ ಈಗ ಬರೆದು ತಿಳಿಸುತ್ತಿದ್ದೇನೆ. ಕೂಸಿನ ಕಿವಿ ಅವಳ ಅಜ್ಜನದು, ಮೂಗು ನನ್ನದು, ಆಕಳಿಕೆ ಮಾತ್ರ ಅವಳ ಸ್ವಂತದ್ದು. ಅಂಥ ಆಕಳಿಕೆ ನಮ್ಮ ವಂಶದಲ್ಲಿ ಹಿಂದೆ ಯಾರೂ ಆಕಳಿಸಿಲ್ಲ.

ನಾನು ಓದಿದ್ದು ನಾಲ್ಕನೆಯ ಇಯತ್ತೆ. ಮಾತು ಎಲ್ಲಿಂದೆಲ್ಲಿಗೋ ಹೋದರೆ ಹೊಟ್ಟೆಗೆ ಹಾಕಿಕೊಳ್ಳಬೇಕು. ವಿಜಯಪುರದ ಕಡೆಯ ಹಳ್ಳಿಯಿಂದ ಮದುವೆಯಾಗಿ ಪುಣೆಯ ಈ ಕಾರ್ಖಾನೆಗಳ ಕಡೆಗೆ ಬಂದವಳು. ಯಜಮಾನರು ಪಿಂಪ್ರಿಯ ಕಾರ್ಖಾನೆಯೊಂದರಲ್ಲಿ ಲೇತ್ ಮಶೀನಿನ ಮೇಲೆ ದುಡಿದರು, ನಾನು ಮೆಸ್ಸುಗಳಿಗೆ ಜೋಳದ ರೊಟ್ಟಿ ಬಡಿದುಕೊಟ್ಟೆ. ಇಬ್ಬರು ಮಕ್ಕಳು ಓದಿ ದೊಡ್ಡವರಾದರು. ಮೊಮ್ಮಗಳು ಚಿಕ್ಕವನಾದ ಮಗನ ಕೂಸು. ದೊಡ್ಡವಳಾದ ಮಗಳಿಗೆ ಮಕ್ಕಳಿಲ್ಲ. ಬೇಡವೆಂದು ಅವಳೂ ಅಳಿಯನೂ ಕೂತು ಮಾತಾಡಿ ತೀರ್ಮಾನ ಮಾಡಿಕೊಂಡಿದ್ದಾರೆ. ಇಷ್ಟು ಬಿಡಿಸಿ ಹೇಳದಿದ್ದರೆ ಓದಿದವರು ತಮಗೆ ಗೊತ್ತಿರುವ ಡಾಕ್ಟರ ವಿಳಾಸ ಕೊಡಲು ಶುರು ಮಾಡುತ್ತಾರೆ. ಅದಕ್ಕೇ ಮೊದಲೇ ಹೇಳಿದೆ.

ಮಗಳು ಡಿಪ್ಲೊಮಾ ಮುಗಿಸಿ, ಗಾಡಿಗಳ ಬಿಡಿಭಾಗ ಮಾಡುವ ಒಂದು ಕಂಪನಿಯಲ್ಲಿದ್ದಾಳೆ. ತಯಾರಾದ ಭಾಗ ಸರಿ ಇದೆಯೋ ಇಲ್ಲವೋ ಎಂದು ತಪಾಸಣೆ ಮಾಡಿ ಹೊರಗೆ ಬಿಡುವ ಕೆಲಸ. ಅವಳ ಮದುವೆಯಾದ ಹೊಸದರಲ್ಲಿ ಆ ವಿಭಾಗದ ಮುಖ್ಯಸ್ಥರ ಕುರ್ಚಿ ಖಾಲಿಯಾಯಿತು. ಅದು ಇವಳಿಗೇ ಸಿಗುತ್ತದೆಂದು ಎಲ್ಲರೂ ಅಂದುಕೊಂಡಿದ್ದರು. ಕಂಪನಿಯ ಸಾಹೇಬರು ಕರೆದು, ಇವತ್ತಲ್ಲ ನಾಳೆ ನೀವು ಬಾಣಂತನದ ರಜೆಗೆ ಹೋಗುವವರು, ನಿಮಗೆ ಯಾಕೆ ಈ ಭಾರ ಎಂದು ಬಹಳ ಅಂತಃಕರಣದಿಂದ ಹೇಳಿ, ಆ ಕುರ್ಚಿಯನ್ನು ಒಬ್ಬ ಗಂಡಸಿಗೆ ಕೊಟ್ಟರು. ಆತನಿಗೆ ಸಾಲಾಗಿ ಇಬ್ಬರು ಮಕ್ಕಳಾದರು. ಎರಡು ಸಲವೂ ಆತ ರಜೆ ಹಾಕಿದ, ಎರಡು ಸಲವೂ ಪೇಡೆ ಹಂಚಿದ. ಮಗಳು ಎರಡು ಸಲವೂ ಆತನ ಕೆಲಸ ಮಾಡಿ, ಪೇಡೆ ತಿಂದು ಬಂದಳು.

ಕೆಲವು ವರ್ಷ ಕಳೆದ ಮೇಲೆ ಅವಳು ಸಾಹೇಬರಿಗೆ ನೇರವಾಗಿ ಹೇಳಿದಳು, ನಮಗೆ ಮಕ್ಕಳು ಬೇಡ, ಬಾಣಂತನದ ಚಿಂತೆ ಬಿಡಿ ಎಂದು. ಸಾಹೇಬರಿಗೆ ಸಂತೋಷವಾಯಿತು. ಕುರ್ಚಿ ಕೊಡುವಷ್ಟು ಸಂತೋಷವಲ್ಲ. ಹಾಗಾದರೆ ನೀವು ಸದಾ ಖಾಲಿ ಇರುತ್ತೀರಲ್ಲ ಎನ್ನುವ ಸಂತೋಷ. ಅವತ್ತಿನಿಂದ ದೀಪಾವಳಿಯ ಪಾಳಿ ಅವಳದು, ಗಣಪತಿ ಕಳಿಸುವ ದಿನದ ಪಾಳಿ ಅವಳದು. ಜೊತೆಗಾರರ ಮಕ್ಕಳಿಗೆ ಹಲ್ಲು ಬಂದರೆ ಇವಳಿಗೆ ಎರಡನೇ ಶಿಫ್ಟು, ಹಲ್ಲು ಬಿದ್ದರೆ ಓವರ್‌ಟೈಮು. ಹುಟ್ಟದ ಕೂಸಿನ ಹೆಸರಿನಲ್ಲಿ ಕುರ್ಚಿ ಹೋಯಿತು, ಆ ಕೂಸು ಹುಟ್ಟುವುದಿಲ್ಲ ಎಂದದ್ದಕ್ಕೆ ರಜೆಯೂ ಹೋಯಿತು. ಹುಟ್ಟದೆಯೇ ಇಷ್ಟು ಖರ್ಚು ಮಾಡಿಸಿದ ಕೂಸನ್ನು ನಾನು ಬೇರೆಲ್ಲೂ ಕಂಡಿಲ್ಲ.

ಒಮ್ಮೆ ಕೇಳಿದೆ, "ನಿನಗ ಸಿಟ್ಟು ಬರಂಗಿಲ್ಲೇನು?"

"ಯಾಕ ಬರ್ಬೇಕವ್ವಾ? ನಮ್ಮ ಕಂಪನ್ಯಾಗ ಎಲ್ಲಾರ ಮಕ್ಕಳನ್ನೂ ನಾನ ಬೆಳೆಸೀನಿ. ಅವರ ಮಾರಿ ನೋಡಿಲ್ಲ, ಅಷ್ಟ."

ಅವಳ ಮನಸ್ಸು ಬದಲಾದೀತೆಂಬ ಆಸೆಯಿಂದ ಒಮ್ಮೆ ಜೇಜುರಿಗೂ ಅವಳನ್ನು ಕರೆದುಕೊಂಡು ಹೋಗಿದ್ದೆ. ನಮ್ಮ ಕಡೆ ಮೈಲಾರಲಿಂಗ ಎನ್ನುವ ಖಂಡೋಬನ ಮುಂದೆ ಅವಳು ಕಣ್ಣು ಮುಚ್ಚಿ ಬಹಳ ಹೊತ್ತು ನಿಂತಳು. ಮೈತುಂಬ ಭಂಡಾರದ ಅರಿಶಿನ. ನನ್ನ ಎದೆ ಉಬ್ಬಿತು. ಗುಡ್ಡ ಇಳಿಯುವಾಗ ಮೆಲ್ಲಗೆ ಕೇಳಿದೆ, "ಏನ ಬೇಡ್ಕೊಂಡಿ?" "ರಜಾ" ಎಂದಳು.

ಇಷ್ಟು ಹಿಂದಿನದು. ಈಗ ಮೊಮ್ಮಗಳಿಗೆ ಬರುತ್ತೇನೆ. ಬರದೆ ಇರಲು ನನ್ನಿಂದ ಆಗುವುದಿಲ್ಲ.

ಕೂಸನ್ನು ತೊಟ್ಟಿಲಿಗೆ ಹಾಕಿ ಹೆಸರಿಡುವುದು ನಮ್ಮಲ್ಲಿ ಸೋದರತ್ತೆಯ ಹಕ್ಕು. ತಂದೆಯ ಅಕ್ಕನೋ ತಂಗಿಯೋ ಕೂಸಿನ ಕಿವಿಯಲ್ಲಿ 'ಕುರ್ರ್' ಎಂದು ಹೆಸರು ಉಸುರಬೇಕು. ಅಲ್ಲಿಯವರೆಗೆ ಆ ಹೆಸರನ್ನು ಯಾರೂ ಬಾಯಿ ಬಿಟ್ಟು ಹೇಳುವಂತಿಲ್ಲ. ಅವಳು ಉಸುರಿದ ಕೂಡಲೇ ಸುತ್ತ ನಿಂತ ಹೆಂಗಸರೆಲ್ಲ ಅವಳ ಬೆನ್ನಿಗೆ ದಬದಬ ಗುದ್ದಬೇಕು. ಮರಾಠಿ ಮಂದಿಯಲ್ಲೂ ಇದೇ ಪದ್ಧತಿ. ಗುದ್ದು ಯಾಕೆಂದು ನನಗೆ ಗೊತ್ತಿಲ್ಲ. ಬಿದ್ದವರಿಗೆ ಖುಷಿಯಾಗುತ್ತದೆ ಎನ್ನುವುದು ಗೊತ್ತು.

ನಮ್ಮ ಬೀಗರು, ಸೊಸೆಯ ತವರಿನವರು, ಧಾರವಾಡದವರು; ಪುಣೆಯ ಪೇಟೆಯ ಕಡೆ ಇರುವ ಬ್ಯಾಂಕಿನ ಮಂದಿ. ಭಾನುವಾರ ಎಂದರೆ ಜಗತ್ತಿಗೆಲ್ಲ ಸೂಟಿ ಎಂದು ನಂಬಿದವರು. ಚಿಂಚವಾಡದಲ್ಲಿ ಹಾಲ್ ನೋಡಿ, ಅಡುಗೆಯವರನ್ನು ಗೊತ್ತು ಮಾಡಿ, ಭಾನುವಾರವೆಂದು ಊರಿಗೆಲ್ಲ ಹೇಳಿಬಿಟ್ಟರು. ನಮ್ಮ ಕಾರ್ಖಾನೆಗಳ ಕಡೆ ವಾರದ ಸೂಟಿ ಗುರುವಾರ. ಭಾನುವಾರ ಬೆಳಿಗ್ಗೆ ಇಲ್ಲಿ ಡಬ್ಬಿ ಕಟ್ಟಿಕೊಂಡು ಮಂದಿ ಕೆಲಸಕ್ಕೆ ಓಡುತ್ತಿರುತ್ತಾರೆ. ಬೀಗರು ದಿನ ಗೊತ್ತು ಮಾಡುವಾಗ ನಾನು ಅಲ್ಲೇ ಇದ್ದೆ. ಆದರೆ ಕೂಸು ಆಕಳಿಸುತ್ತಿತ್ತು. ನಾನು ಅದನ್ನೇ ನೋಡುತ್ತ ಎಲ್ಲದಕ್ಕೂ ಹೂಂ ಎಂದೆ.

ಮಗಳು ಒಂದು ದಿನದ ರಜೆ ಕೇಳಿದಳು. ಆ ಭಾನುವಾರ ಮೊದಲೇ ಇಬ್ಬರಿಗೆ ರಜೆ ಕೊಟ್ಟಾಗಿತ್ತು. ಒಬ್ಬರ ಮಗನ ಶಾಲೆಯಲ್ಲಿ ಕುಣಿತ, ಇನ್ನೊಬ್ಬರ ಮಗಳ ಹುಟ್ಟುಹಬ್ಬ. ಸಾಹೇಬರು ಕೇಳಿದ್ದು ಒಂದೇ ಪ್ರಶ್ನೆ: ಹೆಸರಿಡುವುದು ನಿಮ್ಮ ಮಗುವಿಗೋ? ತಮ್ಮನ ಮಗುವಿಗೆ ಎಂದಳು. ಹಾಗಾದರೆ ತಮ್ಮನೇ ರಜೆ ಹಾಕಲಿ ಎಂದರು.

ಅವತ್ತು ಸಂಜೆ ಅವಳು ನಮ್ಮ ಮನೆಗೆ ಬಂದು ಕೂಸಿನ ಅಂಗಾಲು ಹಿಡಿದು ಕೂತಳು.

"ಅವ್ವಾ, ನನಗ ಬರ್ಲಿಕ್ಕೆ ಆಗಂಗಿಲ್ಲ. ದೊಡ್ಡಪ್ಪನ ಮಗಳನ್ನ ಕರ್ಸು. ಅಕೀನೂ ಅತ್ತೀನ ಅಲ್ಲೇನು?"

"ಕೂಸಿಗೆ ಅತ್ತಿ ನೀ ಅದೀ. ಬಾಡಗಿ ಅತ್ತಿ ತರ್ಲಿಕ್ಕೆ ಇದೇನು ಪೆಂಡಾಲದ ಖುರ್ಚಿ ಏನು?"

"ನಾನೂ ಒಂದಿಷ್ಟ ಹೆಸರ ಯೋಚನಿ ಮಾಡಿಟ್ಟಿದ್ದೆ" ಎಂದಳು. ಅದನ್ನು ಅವಳು ನನಗಲ್ಲ, ಕೂಸಿನ ಅಂಗಾಲಿಗೆ ಹೇಳಿದಳು.

ಅಷ್ಟರಲ್ಲಿ ಇನ್ನೊಂದು ಮಾತು ಬಂತು. ಬೀಗರ ಮನೆಯಲ್ಲಿ ಒಬ್ಬ ಹಿರಿಯ ಚಿಕ್ಕಮ್ಮ ಇದ್ದಾರೆ. ಎಲ್ಲ ಕಾರ್ಯದಲ್ಲೂ ಏನು ಆಗಬೇಕು ಏನು ಆಗಬಾರದು ಎಂದು ಹೇಳುವುದು ಅವರೇ. ಫೋನಿನಲ್ಲಿ ಅಂದರು, "ಒಂದ ರೀತಿ ಛಲೋನ ಆತು ಬಿಡ್ರಿ ಅಕ್ಕಾರ. ಮಕ್ಕಳಿಲ್ಲದಾಕಿ ಚೊಚ್ಚಿಲ ಕೂಸಿನ ಕಿವ್ಯಾಗ ಹೆಸರ ಹೇಳೂದಂದ್ರ ಮಂದಿ ನಾಕ ಮಾತು ಆಡ್ತಾರ. ಈಗ ಕಂಪನೀನ ಬಿಡಲಿಲ್ಲ ಅಂದ್ರ ಯಾರಿಗೂ ಬ್ಯಾಸರಿಲ್ಲ."

ಫೋನ್ ಇಟ್ಟು ಲೆಕ್ಕ ಹಾಕಿದೆ. ಮಕ್ಕಳಿಲ್ಲವೆಂದು ಕಂಪನಿ ಬಿಡುವುದಿಲ್ಲ. ಕಂಪನಿ ಬಿಡಲಿಲ್ಲವೆಂದು ಮಂದಿಗೆ ಸಮಾಧಾನ. ಇಬ್ಬರೂ ಮಾತಾಡಿಕೊಂಡು ಮಾಡಿದ ಹಾಗಿತ್ತು. ಈ ತೊಟ್ಟಿಲಿನಲ್ಲಿ ಬೇರೆ ಯಾರಾದರೂ ಹೆಸರು ಉಸುರಿದರೆ, ನನ್ನ ಮಗಳನ್ನು ಬೇಕೆಂದೇ ದೂರ ಇಟ್ಟರು ಎನ್ನುವ ಮಾತು ಈ ಕೂಸಿನ ಮದುವೆಯ ತನಕ ಉಳಿಯುತ್ತದೆ. ಅದು ಆಗಕೂಡದು ಎಂದು ನಿಶ್ಚಯಿಸಿದೆ. ಹೇಗೆ ಎನ್ನುವುದು ಮಾತ್ರ ಹೊಳೆದಿರಲಿಲ್ಲ.

ಭಾನುವಾರ ಬಂತು. ಹಾಲ್ ತುಂಬ ಮಂದಿ, ತೊಟ್ಟಿಲಿಗೆ ಹೂವು, ಕೂಸಿನ ತಲೆಗೆ ಕುಂಚಿಗೆ ತೊಡಿಸಿದ್ದರು. ಕುಂಚಿಗೆಯೊಳಗೆ ಆ ಮುಖ ನೋಡಿದರೆ... ಬೇಡ, ಅದನ್ನು ಬರೆಯಲು ಕೂತರೆ ಇದು ಮುಗಿಯುವುದಿಲ್ಲ. ಚಿಕ್ಕಮ್ಮ ಅತ್ತೆಯ ಬದಲಿಗೆ ತಮ್ಮ ತಂಗಿಯ ಸೊಸೆಯನ್ನು ತೊಟ್ಟಿಲ ಹತ್ತಿರ ತಂದು ನಿಲ್ಲಿಸಿದ್ದರು, ಸೀರೆ ಸೆರಗು ಸರಿಪಡಿಸಿ. ನಾನು ಮೂಲೆಗೆ ಹೋಗಿ ಮಗಳಿಗೆ ಫೋನ್ ಮಾಡಿದೆ.

"ನಿಮಗ ಊಟದ ಸೂಟಿ ಎಷ್ಟೊತ್ತಿಗೆ?"

"ಒಂದಕ್ಕ. ಯಾಕವ್ವಾ?"

"ಸುಮ್ನ ಕೇಳಿದೆ. ಉಣ್ಣಬ್ಯಾಡ, ಗೇಟಿಗೆ ಬಾ."

ಮಗನಿಗೆ ರಿಕ್ಷಾ ತರಲು ಹೇಳಿದೆ. ಅವನು ನನ್ನ ಮುಖ ನೋಡಿ ಚಪ್ಪಲಿ ಮೆಟ್ಟಿಕೊಂಡು ಓಡಿದ. ಸೊಸೆ ಕೂಸನ್ನು ಎತ್ತಿಕೊಂಡಳು. ಅವಳು ನಕ್ಕಳು ಕೂಡ. ಹಿಂದೆ ನಾನು, ಸೊಸೆ, ಕೂಸು. ಮುಂದೆ ಚಾಲಕನ ಪಕ್ಕ ಅರ್ಧ ಮೈ ಹೊರಗಿಟ್ಟು ಮಗ. ರಿಕ್ಷಾ ಹೊರಡುವಾಗ ಚಿಕ್ಕಮ್ಮ ಓಡಿ ಬಂದು ನಮ್ಮ ನಡುವೆ ತೂರಿಕೊಂಡರು. "ಎಲ್ಲಿಗೆ ಹೊಂಟ್ರಿ? ಗುಟ್ಟಾಗಿ ಇಟ್ಟ ಹೆಸರ ದಾರ್ಯಾಗ ಯಾರರ ಅಂದಗಿಂದಾರು, ನಾ ಬರ್ತೀನಿ" ಎಂದರು. ಹಾಲ್‌ನಲ್ಲಿ ಪೂರಿ ಆರುತ್ತ ಕೂತವು.

ಕಂಪನಿಯ ಗೇಟಿನಲ್ಲಿ ಕಾವಲುಗಾರ ತಡೆದ. ಅಲ್ಲಿ ನಡೆದ ಮಾತೆಲ್ಲ ಮರಾಠಿಯಲ್ಲಿ. ನಾನು ನಮ್ಮ ಭಾಷೆಯಲ್ಲೇ ಬರೆಯುತ್ತಿದ್ದೇನೆ. ಹೊರಗಿನವರು ಯಾರೇ ಬಂದರೂ ಹೆಸರು ಹೇಳಬೇಕಂತೆ. ನಮ್ಮೆಲ್ಲರದೂ ಕೇಳಿಕೊಂಡು ಕೂಸಿನ ಕಡೆ ಕೈ ತೋರಿಸಿದ.

"ಇದರ ಹೆಸರು?"

"ಇನ್ನೂ ಇಲ್ಲ" ಎಂದೆ.

"ಹೆಸರಿಲ್ಲದವರನ್ನ ಒಳಗ ಬಿಡಂಗಿಲ್ಲ, ಆಜಿ."

"ಒಳಗ ಬಿಡ್ಲಿಲ್ಲಂದ್ರ ಹೆಸರ ಆಗಂಗಿಲ್ಲ, ಮಗನ."

ಅವನು ತಲೆ ಕೆರೆದುಕೊಂಡ. ಆಗ ನನ್ನ ಪಕ್ಕದಿಂದ ಚಿಕ್ಕಮ್ಮ ಸೆರಗು ಸಿಕ್ಕಿಸಿಕೊಂಡು ಮುಂದೆ ಬಂದರು. ತಮ್ಮಂಥ ಹಿರಿಯರನ್ನು ಬಿಸಿಲಿನಲ್ಲಿ ನಿಲ್ಲಿಸಿದ್ದು ಅವರಿಗೆ ತಡೆಯಲಿಲ್ಲ. "ಏನಪಾ, ನಿನಗ ರೀತಿ ರಿವಾಜ ಗೊತ್ತದನೋ ಇಲ್ಲೋ? ಕೂಸಿನ ಸೋದರತ್ತಿ ಒಳಗ ಅದಾಳ. ಅಕಿ ಬಾಯಿಂದ ಬರ್ಲಾರದ ಹೆಸರ ಒಂದ ಹೆಸರೇನು? ನಿನಗ ಹೆಸರ ಇಟ್ಟಾಕಿ ಯಾರು?"

"ನಮ್ಮ ಅತ್ತೀನ" ಎಂದ ಅವನು, ಚಿಕ್ಕ ದನಿಯಲ್ಲಿ.

"ಮತ್ತ? ಕರಿ ಅಕೀನ್ನ."

ನಾನು ಚಿಕ್ಕಮ್ಮನ ಮುಖ ನೋಡಲಿಲ್ಲ. ನೋಡಿದ್ದರೆ ನಗು ಬರುತ್ತಿತ್ತು, ಕೆಲಸ ಕೆಡುತ್ತಿತ್ತು.

ಕರೆಯುವ ಅಗತ್ಯವಿರಲಿಲ್ಲ. ಮಗಳು ಬರುತ್ತಲೇ ಇದ್ದಳು, ಕಂಪನಿಯ ನೀಲಿ ಅಂಗಿ, ತಲೆಗೆ ಟೋಪಿ. ಹಿಂದೆ ಡಬ್ಬಿ ಹಿಡಿದ ಹತ್ತಾರು ಹೆಂಗಸರು. ಕಾವಲುಗಾರ ತನ್ನ ಕೋಣೆಯ ಕುರ್ಚಿ ತಂದು ನೆರಳಿಗೆ ಹಾಕಿದ. ತೊಟ್ಟಿಲು ಹಾಲ್‌ನಲ್ಲಿ ಉಳಿದಿತ್ತು. ಮಗನೂ ಸೊಸೆಯೂ ನನ್ನ ಶಾಲನ್ನು ಎರಡು ತುದಿ ಹಿಡಿದು ಜೋಳಿಗೆ ಮಾಡಿದರು, ಕೂಸನ್ನು ಅದರೊಳಗೆ ಮಲಗಿಸಿದೆ. ಮಗಳು ಕೈ ತೊಳೆದು ಬಂದಳು. ಆದರೂ ಎಣ್ಣೆಯ ವಾಸನೆ ಇತ್ತು. ಬಗ್ಗಿ ಕಿವಿಯಲ್ಲಿ 'ಕುರ್ರ್' ಎಂದಳು. ಕೂಸು ಆಕಳಿಸಿತು. ಮತ್ತೆ ಬಗ್ಗಿ ಹೆಸರು ಹೇಳಿದಳು. ಆ ಹೆಸರನ್ನು ಇಲ್ಲಿ ಬರೆಯಬೇಡವೆಂದು ಮಗಳ ಅಪ್ಪಣೆಯಾಗಿದೆ, ದೃಷ್ಟಿಯಾಗುತ್ತದಂತೆ.

ಆಮೇಲೆ ಬಿದ್ದವು ನೋಡಿ ಗುದ್ದು. ಇವಳ ಓವರ್‌ಟೈಮಿನಲ್ಲಿ ಮಕ್ಕಳ ಹುಟ್ಟುಹಬ್ಬ ಮಾಡಿದವರು, ಇವಳ ದೀಪಾವಳಿಯಲ್ಲಿ ಚಕ್ಕುಲಿ ಕರಿದವರು, ಎಲ್ಲರೂ ಸಾಲಿನಲ್ಲಿ ಬಂದು ಗುದ್ದಿದರು. ಕೆಲವರು ಕಣ್ಣೊರೆಸಿಕೊಂಡು ಗುದ್ದಿದರು. ಎಲ್ಲಕ್ಕಿಂತ ಜೋರಾದದ್ದು ಚಿಕ್ಕಮ್ಮನದು.

ಗದ್ದಲ ಕೇಳಿ ಸಾಹೇಬರು ಹೊರಗೆ ಬಂದರು. ಬಾರಾಮತಿ ಕಡೆಯವರು, ಗಟ್ಟಿ ದನಿ. ಬೈಯಲು ಬಾಯಿ ತೆರೆದವರು ಕೂಸನ್ನು ಕಂಡು ಹಾಗೇ ಕರಗಿದರು. ಕೂಸಿನ ಬೆರಳಿಗೆ ಬೆರಳು ಕೊಟ್ಟು ಬಗ್ಗಿ ನಿಂತರು.

"ಏನ ಮ್ಯಾಡಮ್, ಇಷ್ಟ ಛಂದ ಕೂಸು ಅದ ಅಂತ ಮೊದಲ ಹೇಳಬಾರದೇನು?"

"ಹೇಳಿದ್ದೆ ಸರ್."

"ಹೋಗ್ರಿ, ಈಗ ಅರ್ಧ ದಿನಾ ರಜಾ ತಗೋರಿ. ಮನ್ಯಾಗ ಕೂಸದ ಅಂದ್ಮ್ಯಾಲ ಏನ ಮಾತು."

ಮಗಳು ಟೋಪಿ ಸರಿಮಾಡಿಕೊಂಡಳು. ನಾನು ಅವಳನ್ನು ರಿಕ್ಷಾಕ್ಕೆ ಹತ್ತಿಸಿಕೊಳ್ಳಲು ತಯಾರಾಗಿದ್ದೆ.

"ಇವತ್ತ ಬ್ಯಾಡ್ರಿ ಸರ್. ನಾ ಹೋದ್ರ ಮಾಲು ನಿಲ್ತದ. ದೀಪಾವಳಿಗೆ ಕೊಡ್ರಿ."

"ದೀಪಾವಳಿಗೆ ಏನದ? ಕೂಸಿನ ಮೊದಲ ಹಬ್ಬಾ?"

"ಕೂಸಿನ ಹಬ್ಬ ಕೂಸಿನ ಅಪ್ಪ ಅವ್ವ ಮಾಡ್ತಾರ್ರಿ. ನನಗೇನೂ ಇಲ್ಲ. ನಾನೂ ನನ್ನ ಗಂಡನೂ ಮನ್ಯಾಗ ಇರ್ತೀವಿ."

ಸಾಹೇಬರಿಗೆ ಇದು ಯಾವ ಬಗೆಯ ರಜೆ ಎಂದು ತಿಳಿಯಲಿಲ್ಲ. ಸುತ್ತ ನೋಡಿದರು. ಹತ್ತಾರು ಹೆಂಗಸರು ಉಣ್ಣದೆ ಅವರ ಬಾಯಿಯನ್ನೇ ನೋಡುತ್ತಿದ್ದರು. ಬೆರಳು ಇನ್ನೂ ಕೂಸಿನ ಮುಷ್ಟಿಯಲ್ಲಿತ್ತು. ನನ್ನ ಮೊಮ್ಮಗಳು ಹಿಡಿದದ್ದನ್ನು ಬಿಡುವವಳಲ್ಲ. "ಆತು" ಎಂದರು. "ಎಲ್ಲಾರ ಮುಂದ ಅಂದೀರಿ ಸರ್" ಎಂದು ಹಿಂದಿನಿಂದ ಒಬ್ಬಳು ಹೇಳಿದಳು.

ನಾವು ಹಾಲ್‌ಗೆ ಮರಳಿ ಆರಿದ ಪೂರಿ ಉಂಡೆವು. ಮಕ್ಕಳಿಲ್ಲದವಳು ಹೆಸರಿಟ್ಟಳಂತೆ ಎಂದು ಯಾರೋ ಶುರು ಮಾಡಿದ್ದಕ್ಕೆ ಚಿಕ್ಕಮ್ಮ, "ನಾನ ನಿಂತ ಇಡಿಸೀನಿ, ನಿಮಗೇನ ತ್ರಾಸ?" ಎಂದರು.

ದೀಪಾವಳಿ ಬಂತು. ನಸುಕಿನಲ್ಲಿ ಎಣ್ಣೆ ಹಚ್ಚಿಸಿಕೊಂಡು ಮಲಗಿದ್ದ ಕೂಸು, ಯಾರೂ ಹೇಳಿಕೊಡದೆ, ತಾನಾಗಿಯೇ ಹೊರಳಿ ಬೋರಲು ಬಿತ್ತು. ಇಂಥದ್ದನ್ನು ಹೊಟ್ಟೆಯಲ್ಲಿ ಇಟ್ಟುಕೊಳ್ಳಲು ಆಗುತ್ತದೆಯೇ? ಕೈಯ ಎಣ್ಣೆ ಒರೆಸದೆ ಮಗಳಿಗೆ ಫೋನ್ ಹಚ್ಚಿದೆ. ಎತ್ತಿದವನು ಅಳಿಯ, ಬಹಳ ಮೆಲುದನಿಯಲ್ಲಿ.

"ಮಲಗ್ಯಾಳ್ರಿ ಅತ್ತಿ."

"ಹಬ್ಬದ ದಿನ ಇನ್ನೂ ಮಲಗ್ಯಾಳ? ಆರಾಮಿಲ್ಲೇನು?"

"ಆರಾಮ ಅದಾಳ್ರಿ. ರಜಾ ಅದ."

ಬಾಯಿಗೆ ಬಂದ ಸುದ್ದಿಯನ್ನು ಹಲ್ಲು ಕಚ್ಚಿ ತಡೆದೆ. ಆಮೇಲೆ ನಾನೂ ಪಿಸುಗುಟ್ಟಿದೆ, "ಏಳಿಸಬ್ಯಾಡ. ತಾನಾಗಿ ಏಳಲಿ."

ಫೋನ್ ಇಟ್ಟು ಬಾಗಿಲು ತೆರೆದೆ. ಹಾಲಿನವನು ಆಗತಾನೇ ಸೈಕಲ್ ನಿಲ್ಲಿಸುತ್ತಿದ್ದ. ಅವನಿಗೆ ಹೇಳಿದೆ.